ಹಳೆಯ ರೇಡರನನ್ನು ತಿರುಗಿ ಕರೆತರಬೇಕೆ?

ನಮ್ಮ ಗಡಿ ಸೀಮೆಯ ಹಳ್ಳಿಗಳಿಗೆ ಕನ್ನಡ ದಿನಪತ್ರಿಕೆ ಮಧ್ಯಾಹ್ನಕ್ಕೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಆದರೆ ಕಬಡ್ಡಿ ಹರಾಜಿನ ಸುದ್ದಿ ಮಾತ್ರ ಮುಂಬಯಿಯಲ್ಲಿ ಸುತ್ತಿಗೆ ಬೀಳುವುದರೊಳಗೆ ಇಲ್ಲಿ ಗುಡಿಯ ಕಟ್ಟೆಗೆ ಬಂದು ಕೂತಿರುತ್ತದೆ. ಯಾರು ಎಷ್ಟಕ್ಕೆ ಹೋದರು, ಯಾರನ್ನು ಯಾರೂ ಕೇಳಲಿಲ್ಲ, ಯಾವ ತಂಡ ಯಾರನ್ನು ಬಿಟ್ಟು ಕೆಟ್ಟಿತು ಎನ್ನುವುದನ್ನೆಲ್ಲ ಏಳನೆಯ ತರಗತಿಯ ಹುಡುಗರು ಮಗ್ಗಿಗಿಂತ ಚೆನ್ನಾಗಿ ಒಪ್ಪಿಸುತ್ತಾರೆ. ಮಗ್ಗಿಯ ವಿಷಯ ಇಲ್ಲಿ ಬೇಡ, ಅದು ಬೇರೆಯೇ ದುಃಖ.

ಈಗ ಒಂದು ತಿಂಗಳಿಂದ ನಮ್ಮ ಹಳೆಯ ವಿದ್ಯಾರ್ಥಿಗಳು ಬೆನ್ನು ಹತ್ತಿದ್ದಾರೆ. ಅವರದೇ ಒಂದು ಕಬಡ್ಡಿ ಮಂಡಳವಿದೆ. ಹತ್ತು ವರ್ಷದ ಹಿಂದೆ ಸುತ್ತಲಿನ ಊರುಗಳನ್ನೆಲ್ಲ ನಡುಗಿಸಿದ್ದ ರೇಡರನೊಬ್ಬ ನಮ್ಮ ಶಾಲೆಯವನೇ. ಅವನು ಈಗ ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಚೀಲ ಹೊರುತ್ತಾನೆ, ಸಂಜೆ ಮಿರಜದ ಕಡೆಯ ಒಂದು ಮಂಡಳಕ್ಕೆ ಆಡುತ್ತಾನೆ. ಬರುವ ಜಾತ್ರೆಯ ಸ್ಪರ್ಧೆಗೆ ಅವನನ್ನು ಬಿಟ್ಟುಕೊಡಲು ಆ ಮಂಡಳದವರು ಒಪ್ಪಿದ್ದಾರೆ. ಆದರೆ ಪುಕ್ಕಟೆ ಅಲ್ಲ. ಬದಲಿಗೆ ನಮ್ಮ ಊರಿನ ಎಡ ಮೂಲೆಯ ಹುಡುಗ, ಹತ್ತೊಂಬತ್ತು ವರ್ಷದವನು, ಈ ವರ್ಷವಿಡೀ ಅವರಿಗೆ ಆಡಬೇಕು. ಅಮೆರಿಕದ ಬಾಸ್ಕೆಟ್‌ಬಾಲ್‌ನವರು ಇದಕ್ಕೆ ಟ್ರೇಡ್ ಅನ್ನುತ್ತಾರೆ. ನಮ್ಮಲ್ಲಿ ಹಿಂದೆ ಎತ್ತು ಕೊಟ್ಟು ಎತ್ತು ತರುತ್ತಿದ್ದರು, ಅದೇ ಲೆಕ್ಕ.

"ಬೆಂಗಳೂರು ಬುಲ್ಸ್‌ನವರು ಪ್ರದೀಪನ್ನ ತಿರುಗಿ ತರಲಿಲ್ಲೇನ್ರಿ ಸರ?" ಎಂದು ಒಬ್ಬ ಕೇಳುತ್ತಾನೆ. "ತಂದು ಏನಾತು, ಅದನ್ನೂ ಹೇಳು" ಎಂದು ಇನ್ನೊಬ್ಬ ಬಾಯಿ ಹಾಕುತ್ತಾನೆ. ಇಬ್ಬರೂ ನಮ್ಮ ಶಿಷ್ಯರೇ ಆದ್ದರಿಂದ ಯಾರ ಪಕ್ಷ ಹಿಡಿದರೂ ಕಷ್ಟ. ವಿಚಾರ ಮಾಡಿ ಹೇಳುತ್ತೇವೆ ಎಂದಿದ್ದೆವು. ಮಾಡಿದ ವಿಚಾರವನ್ನು ಇಲ್ಲಿ ಬರೆಯುತ್ತಿದ್ದೇವೆ. ಇತರ ಕನ್ನಡ ಶಾಲೆಗಳ ಊರುಗಳಲ್ಲಿಯೂ ಇಂಥ ಮಂಡಳಗಳಿವೆ, ಇಂಥ ಹಳೆಯ ಆಟಗಾರರೂ ಇದ್ದಾರೆ.

ಮೊದಲು ಒಂದು ಮಾತು. ಸಾಂಗಲಿ ಜಿಲ್ಲೆಯಲ್ಲಿ ಕೂತು ಬೆಂಗಳೂರು ಬುಲ್ಸ್ ಕಡೆ ಕೂಗುವುದು ಸುಲಭವಲ್ಲ. ಇಲ್ಲಿನ ಕಟ್ಟೆಗಳೆಲ್ಲ ಪುಣೇರಿ ಪಲ್ಟನ್ ಇಲ್ಲವೆ ಯು ಮುಂಬಾ. ಕನ್ನಡ ಶಾಲೆಯ ಹುಡುಗರು ಮಾತ್ರ ಹಟಕ್ಕೆ ಬಿದ್ದವರಂತೆ ಬುಲ್ಸ್ ಅನ್ನುತ್ತಾರೆ. ಆಟದಲ್ಲಿ ಮಾತ್ರ ಈ ಗಡಿ ಯಾವತ್ತೂ ಸರಿಯಾಗಿ ನಿಂತಿಲ್ಲ. ಸಾಂಗಲಿಯಲ್ಲಿ ಬೆಳೆದ ಸ್ಮೃತಿ ಮಂಧಾನಾ 2023ರಲ್ಲಿ 3 ಕೋಟಿ 40 ಲಕ್ಷಕ್ಕೆ ಬೆಂಗಳೂರಿನ ತಂಡ ಸೇರಿ, 2024ರಲ್ಲಿ ನಾಯಕಿಯಾಗಿ ಕಪ್ಪು ಗೆದ್ದುಕೊಟ್ಟಳು. ಅವತ್ತು ಸಾಂಗಲಿಯವರೂ ಬೆಂಗಳೂರಿನವರೂ ಒಂದೇ ಹೆಸರು ಕೂಗಿದರು. ಕಬಡ್ಡಿಯಲ್ಲಿ ಅದಕ್ಕಿಂತ ಮೊದಲೇ ನಮ್ಮ ಜಿಲ್ಲೆಯ ವಾಳವಾ ತಾಲೂಕಿನ ಕಾಸೇಗಾಂವದ ಕಾಶಿಲಿಂಗ ಅಡಕೆ ಬೆಂಗಳೂರಿಗೆ ಹೋಗಿ ಬಂದಿದ್ದ. ಅವನ ಮಾತು ಮುಂದೆ ಬರುತ್ತದೆ, ಏಕೆಂದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಅವನಲ್ಲಿಯೇ ಇದೆ.

ಈಗ ಪ್ರದೀಪ್ ನರ್ವಾಲ್. ಹರಿಯಾಣದ ಸೋನಿಪತ್ ಜಿಲ್ಲೆಯ ರಿಂಧಾನಾ ಎಂಬ ಹಳ್ಳಿಯವನು. ಪ್ರೊ ಕಬಡ್ಡಿಯಲ್ಲಿ ಅವನು ಮೊದಲು ತೊಟ್ಟದ್ದು ಬೆಂಗಳೂರಿನ ಅಂಗಿಯನ್ನೇ, 2015ರಲ್ಲಿ. ಆಗ ಅವನಿಗೆ ಹದಿನೆಂಟು. ಆಡಲು ಸಿಕ್ಕದ್ದು ನಾಲ್ಕಾರು ಪಂದ್ಯ, ಮಾಡಿದ್ದು ಬೆರಳಲ್ಲಿ ಎಣಿಸುವಷ್ಟು ಅಂಕ. ಬುಲ್ಸ್ ಅವನನ್ನು ಬಿಟ್ಟಿತು, ಪಾಟ್ನಾ ಎತ್ತಿಕೊಂಡಿತು. ಮುಂದಿನದು ನಿಮಗೆಲ್ಲ ಗೊತ್ತಿರುವುದೇ. ಪಾಟ್ನಾ ಮೂರು ಸಲ ಸಾಲಾಗಿ ಗೆದ್ದಿತು. 2017ರ ಒಂದೇ ಆವೃತ್ತಿಯಲ್ಲಿ ಪ್ರದೀಪ 369 ರೈಡ್ ಅಂಕ ಮಾಡಿದ. ಹರಿಯಾಣ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ 34, ಅದೇ ಪಂದ್ಯದ ಒಂದೇ ದಾಳಿಯಲ್ಲಿ 8. ಆ ದಾಳಿಯನ್ನು ನಮ್ಮ ಶಾಲೆಯ ಹುಡುಗರು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದಾರೋ ದೇವರಿಗೇ ಗೊತ್ತು.

ಅವನ ವಿದ್ಯೆಯ ಹೆಸರು ಡುಬ್ಕಿ. ಹಿಡಿಯಲು ಬಂದ ಸರಪಳಿ ಕೈ ಕೈ ಹಿಡಿದು ಮುಂದೆ ನುಗ್ಗಿದಾಗ, ಇವನು ಸೊಂಟ ಮಡಚಿ ಅವರ ತೋಳಿನ ಕೆಳಗಿನಿಂದ ನೀರಲ್ಲಿ ಮುಳುಗಿದವನಂತೆ ಮುಳುಗಿ ಆಚೆ ಏಳುತ್ತಿದ್ದ. ನೋಡಲು ಚಂದ. ಆದರೆ ಮೈಗೆ ಬಹಳ ದುಬಾರಿ. ಮೊಣಕಾಲು, ಸೊಂಟ, ಬೆನ್ನು ಮೂರೂ ಒಂದೇ ಕ್ಷಣಕ್ಕೆ ಹೂಂ ಅನ್ನಬೇಕು. ಮೇಲಾಗಿ ಎದುರಿನವರು ಸರಪಳಿ ಹಾಕಿ ಮುಂದೆ ಬಂದರೆ ಮಾತ್ರ ಡುಬ್ಕಿ. ಅವರು ಬುದ್ಧಿ ಕಲಿತು ಹಿಂದೆ ನಿಂತರೆ, ಸರಪಳಿ ಬಿಟ್ಟು ಒಬ್ಬೊಬ್ಬರಾಗಿ ಕಾದರೆ, ಮುಳುಗಲು ನೀರೇ ಇಲ್ಲ! ಈಗ ಪ್ರತಿ ತಂಡದವರೂ ಎದುರಾಳಿಯ ಹಳೆಯ ಪಂದ್ಯಗಳನ್ನು ಪರದೆಯ ಮೇಲೆ ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. ಒಬ್ಬ ಆಟಗಾರ ಎಷ್ಟು ಪ್ರಸಿದ್ಧನೋ ಅಷ್ಟು ಅವನ ಗುಟ್ಟು ಬಯಲು.

2021ರ ಹರಾಜಿನಲ್ಲಿ ಯುಪಿ ಯೋಧಾ ಅವನಿಗೆ 1 ಕೋಟಿ 65 ಲಕ್ಷ ಕೊಟ್ಟಿತು. ಅಲ್ಲಿಯತನಕ ಕಬಡ್ಡಿಯಲ್ಲಿ ಯಾರಿಗೂ ಅಷ್ಟು ಸಿಕ್ಕಿರಲಿಲ್ಲ. ಅವನನ್ನು ಕಳೆದುಕೊಂಡ ಪಾಟ್ನಾ ಮುಳುಗಿತು ಎಂದು ಎಲ್ಲರೂ ತಿಳಿದಿದ್ದರು. ಆದದ್ದೇ ಬೇರೆ. ಬೆಂಗಳೂರಿನಲ್ಲಿ, ಕೊರೋನಾ ಕಾರಣ ನೋಡುವ ಜನರೇ ಇಲ್ಲದೆ ನಡೆದ ಆ ಆವೃತ್ತಿಯ ಸೆಮಿಫೈನಲ್ಲಿನಲ್ಲಿ ಪಾಟ್ನಾ ಪ್ರದೀಪನ ಹೊಸ ತಂಡವನ್ನೇ 38-27ರಿಂದ ಸೋಲಿಸಿತು. 2022ರ ಫೆಬ್ರವರಿಯ ಫೈನಲ್ಲಿನಲ್ಲಿ ದಿಲ್ಲಿಯ ಎದುರು ಸೋತದ್ದು ಒಂದೇ ಅಂಕದಿಂದ, 36-37. ಮನೆಯ ನಡುಗಂಬ ಹೋದರೂ ಮನೆ ನಿಂತಿತ್ತು. ಕಂಬ ಮಾತ್ರ ಬೇರೆ ಮನೆಯಲ್ಲಿ ಮೊದಲಿನ ಭಾರ ಹೊರಲಿಲ್ಲ.

2024ರ ಆಗಸ್ಟಿನಲ್ಲಿ ಬುಲ್ಸ್ ಅವನನ್ನು 70 ಲಕ್ಷಕ್ಕೆ ತಿರುಗಿ ತಂದಿತು. ನಮ್ಮ ಹುಡುಗರು ಅವತ್ತು ಮಾಡಿದ ಗದ್ದಲವನ್ನು ಏನು ಹೇಳುವುದು. ಶಾಲೆಯ ಹಿಂದಿನ ಗೋಡೆಗೆ ಇದ್ದಿಲಿನಿಂದ ಬರೆದ ಅವನ ಹೆಸರನ್ನು ಅಳಿಸಲು ನಮಗೆ ಎರಡು ಬಕೆಟ್ ನೀರು ಬೇಕಾಯಿತು. ತಂಡದ ನಾಯಕನನ್ನಾಗಿಯೂ ಅವನನ್ನೇ ಮಾಡಿದರು. ಅದೇ ಹರಾಜಿನಲ್ಲಿ ಬುಲ್ಸ್‌ನಲ್ಲಿ ಬೆಳೆದಿದ್ದ ಭರತ್ ಎಂಬ ರೇಡರ್ 1 ಕೋಟಿ 30 ಲಕ್ಷಕ್ಕೆ ಯುಪಿಗೆ ಹೋದ. ಹರಾಜಿನ ಮೂಲಕ ಆದರೂ, ಒಂದು ಲೆಕ್ಕದಲ್ಲಿ ಅದು ಅದಲು ಬದಲೇ ಆಯಿತು. ಇವರ ಹೊಸಬ ಅಲ್ಲಿಗೆ, ಅಲ್ಲಿಯ ಹಳಬ ಇಲ್ಲಿಗೆ.

ಮೊದಲ ಪಂದ್ಯ ಹೈದರಾಬಾದಿನಲ್ಲಿ, ಅಕ್ಟೋಬರ್ 18ರಂದು, ತೆಲುಗು ಟೈಟನ್ಸ್ ಎದುರು. ಟೈಟನ್ಸ್ ಕಡೆ ಇದ್ದವನು ಪವನ್ ಸೆಹ್ರಾವತ್, ಬುಲ್ಸ್ ತಾನೇ ಬೆಳೆಸಿ ಬಿಟ್ಟುಕೊಟ್ಟವನು. ಬುಲ್ಸ್ 29, ಟೈಟನ್ಸ್ 37. ಬಿಟ್ಟುಕೊಟ್ಟವನು ಗೆದ್ದ, ಕರೆತಂದವನು ಸೋತ. ಆ ರಾತ್ರಿ ಬಂದ ಸಂಕಟ ಡಿಸೆಂಬರ್ ಮುಗಿದರೂ ಹೋಗಲಿಲ್ಲ. 22 ಪಂದ್ಯಗಳಲ್ಲಿ ಬುಲ್ಸ್ ಗೆದ್ದದ್ದು ಎರಡು. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ಕೊನೆಯ ಹಂತದ ಪಂದ್ಯಗಳು ಪುಣೆಯ ಬಾಲೇವಾಡಿಯಲ್ಲಿದ್ದುದರಿಂದ ನಮ್ಮ ಹಳೆಯ ಹುಡುಗರು ಐದಾರು ಜನ ಮಿರಜದಿಂದ ರಾತ್ರಿ ರೈಲು ಹಿಡಿದು ಹೋಗಿದ್ದರು. ಬಂದವರನ್ನು ಪಂದ್ಯ ಹೇಗಿತ್ತೋ ಎಂದು ಕೇಳಿದರೆ, "ಪ್ರದೀಪನ್ನ ಹತ್ತಿರದಿಂದ ನೋಡಿದ್ವಿ ಸರ" ಎಂದಷ್ಟೇ ಹೇಳಿದರು. ಸೋತ ಮಾತು ಒಬ್ಬನೂ ಎತ್ತಲಿಲ್ಲ.

ಆ ಮಾತು ನಮಗೆ ಮರೆಯಲಾಗಿಲ್ಲ. ಹಳೆಯ ಆಟಗಾರನನ್ನು ತಿರುಗಿ ತರುವವರು ಕೊಳ್ಳುವುದು ಆಟವನ್ನಷ್ಟೇ ಅಲ್ಲ, ಅವನ ನೆನಪನ್ನೂ ಕೊಳ್ಳುತ್ತಾರೆ. ನೆನಪಿಗೂ ಬೆಲೆ ಇದೆ. ಅದನ್ನು ಹುಚ್ಚು ಎಂದು ನಕ್ಕು ಬಿಡುವವರನ್ನು ಕಂಡರೆ ನಮಗೆ ಆಗುವುದಿಲ್ಲ. ಆದರೆ ಅಂಕಪಟ್ಟಿಯಲ್ಲಿ ನೆನಪಿಗೆ ಪ್ರತ್ಯೇಕ ಅಂಕಣ ಇರುವುದಿಲ್ಲ.

2025ರ ಮೇ ಕೊನೆಯಲ್ಲಿ ಮುಂದಿನ ಹರಾಜು. ಪ್ರದೀಪನ ಹೆಸರು ಕೂಗಿದರು. ಯಾರೂ ಕೈ ಎತ್ತಲಿಲ್ಲ. 1801 ರೈಡ್ ಅಂಕ, ಅಷ್ಟು ಬೇರೆ ಯಾರೂ ಮಾಡಿರಲಿಲ್ಲ, ಆದರೂ ಯಾರೂ ಕೈ ಎತ್ತಲಿಲ್ಲ. ಕೆಲವೇ ದಿನದಲ್ಲಿ ಅವನು ನಿವೃತ್ತಿ ಹೇಳಿದ. ವಯಸ್ಸು ಇಪ್ಪತ್ತೆಂಟು. ನಾವು ಟಿ.ಸಿ.ಎಚ್. ಮುಗಿಸಿ ಮೊದಲ ಸಂಬಳ ಎಣಿಸಿದ ವಯಸ್ಸಿಗೆ ಆ ಹುಡುಗನ ಕೆಲಸವೇ ಮುಗಿದಿತ್ತು. ಬುಲ್ಸ್ ಹೊಸ ಕೋಚ್ ಬಿ.ಸಿ. ರಮೇಶ್ ಅವರ ಕೈಗೆ ತಂಡ ಕೊಟ್ಟು, ಇರಾನಿನ ಅಲಿರೆಜಾ ಮಿರ್ಜಾಯಿಯಾನ್ ಮೊದಲಾದ ಹೊಸ ಹೆಸರುಗಳನ್ನು ಕಟ್ಟಿಕೊಂಡು, ಆ ವರ್ಷ ಪ್ಲೇ ಆಫ್ ಮುಟ್ಟಿತು.

ಹಾಗಾದರೆ ಹಳಬರನ್ನು ತರಲೇಬಾರದು ಎಂದು ತೀರ್ಮಾನವೇ? ನಮ್ಮ ಮಂಡಳದ ಒಂದು ಗುಂಪು ಹಾಗೆಯೇ ಹೇಳುತ್ತದೆ. ಅವರಿಗೆ ನಾವು ಕಾಶಿಲಿಂಗನ ಕಥೆ ಹೇಳಿದೆವು.

ಕಾಶಿಲಿಂಗ ಅಡಕೆ 2015ರಲ್ಲಿ ದಿಲ್ಲಿ ತಂಡಕ್ಕೆ ಆಡಿ 114 ರೈಡ್ ಅಂಕದೊಂದಿಗೆ ಆ ಆವೃತ್ತಿಯ ಅಗ್ರ ರೇಡರ್ ಆಗಿದ್ದ. ಆಗ ಸಾಂಗಲಿ ಜಿಲ್ಲೆಯ ಪ್ರತಿ ಮಣ್ಣಿನ ಅಂಗಳದಲ್ಲಿ ಒಬ್ಬ ಕಾಶಿಲಿಂಗ ಇದ್ದ. ಅವನಂತೆ ನಡೆಯುವವರು, ಅವನಂತೆ ತೊಡೆ ತಟ್ಟುವವರು. ಹೆಸರಿನಲ್ಲಿ ಲಿಂಗ ಇದ್ದುದರಿಂದ ನಮ್ಮ ಹುಡುಗರು ಅವನು ಕನ್ನಡದವನೇ ಎಂದು ವಾದ ಮಾಡುತ್ತಿದ್ದರು. ಕಾಸೇಗಾಂವ ಎಲ್ಲಿದೆ ಎಂದು ನಕಾಶೆಯಲ್ಲಿ ತೋರಿಸಿದರೂ ಕೇಳುತ್ತಿರಲಿಲ್ಲ. ಇರಲಿ. ಮುಂದೆ ಅವನು ಮುಂಬಯಿಗೆ ಹೋದ, ಮೊದಲಿನ ಮೆರುಗು ಕಡಿಮೆಯಾಯಿತು. 2018ರಲ್ಲಿ ಬುಲ್ಸ್ ಅವನನ್ನು ತೆಗೆದುಕೊಂಡಾಗ ಅವನು ಹಳೆಯ ತಾರೆಯೇ. ಆದರೆ ಬುಲ್ಸ್ ಅವನ ಹೆಗಲ ಮೇಲೆ ತಂಡವನ್ನು ಹೊರಿಸಲಿಲ್ಲ. ನಾಯಕ ರೋಹಿತ್ ಕುಮಾರ್ ಇದ್ದ. 52 ಲಕ್ಷ 80 ಸಾವಿರಕ್ಕೆ ತಂದಿದ್ದ ಪವನ್ ಇದ್ದ. ಕಾಶಿಲಿಂಗ ಮೂರನೆಯವನು. ಇಬ್ಬರು ಕೂತಾಗ ಎದ್ದು ಹೋಗುವವನು, ಎದುರಿನವರ ಗಮನ ಒಡೆಯುವವನು. 2019ರ ಜನವರಿ 5ರಂದು ಮುಂಬಯಿಯಲ್ಲಿ ಗುಜರಾತನ್ನು 38-33ರಿಂದ ಸೋಲಿಸಿ ಬುಲ್ಸ್ ಮೊದಲ ಸಲ ಕಪ್ಪು ಎತ್ತಿತು. ಫೈನಲ್ಲಿನಲ್ಲಿ ಪವನ್ ಒಬ್ಬನದೇ 22 ಅಂಕ. ಗೆದ್ದ ಬಳಗದಲ್ಲಿ ನಮ್ಮ ಜಿಲ್ಲೆಯ ಹಳೆಯ ಹುಲಿಯೂ ಇತ್ತು.

ಆ ಪವನನೂ ತಿರುಗಿ ಬಂದವನೇ ಎನ್ನುವುದನ್ನು ಹುಡುಗರು ಮರೆತುಬಿಡುತ್ತಾರೆ. ಮೊದಲು ಬುಲ್ಸ್‌ನಲ್ಲಿದ್ದ, ಒಂದು ವರ್ಷ ಗುಜರಾತಿಗೆ ಹೋಗಿ ಹೆಚ್ಚಾಗಿ ಹೊರಗೇ ಕೂತಿದ್ದ, ತಿರುಗಿ ಬಂದು ಆ ವರ್ಷ 271 ರೈಡ್ ಅಂಕ ಮಾಡಿದ. ಅವನನ್ನು ತರುವಾಗ ಕೊಟ್ಟದ್ದು ಮುಂದೆ ಬರಬಹುದಾದ ಆಟದ ಬೆಲೆ. ಪ್ರದೀಪನನ್ನು ತರುವಾಗ ಕೊಟ್ಟದ್ದು ಹಿಂದೆ ಆಗಿಹೋದ ಆಟದ ಬೆಲೆ. ಕಾಶಿಲಿಂಗನಿಗೆ ಕೊಟ್ಟದ್ದು, ನಮಗೆ ತಿಳಿದಂತೆ, ಇವತ್ತಿನ ಒಂದು ಸಣ್ಣ ಕೆಲಸಕ್ಕೆ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗಿದರೆ ವಾದ ಬೆಳಗಾದರೂ ಮುಗಿಯುವುದಿಲ್ಲ.

ಹೊರಗಿನ ಲೋಕದಲ್ಲಿಯೂ ಇದೇ ನಡೆದಿದೆ. ಬಾಸ್ಕೆಟ್‌ಬಾಲಿನ ಲೆಬ್ರಾನ್ ಜೇಮ್ಸ್ 2014ರಲ್ಲಿ ತನ್ನ ಹಳೆಯ ಕ್ಲೀವ್‌ಲ್ಯಾಂಡಿಗೆ ಮರಳಿದ, 2016ರಲ್ಲಿ ಆ ತಂಡ ಮೊದಲ ಸಲ ಗೆದ್ದಿತು. ಊರು ಅವನನ್ನು ಹೊತ್ತು ಕುಣಿಯಿತು. ಆದರೆ ಮರಳಿದಾಗ ಅವನಿನ್ನೂ ತನ್ನ ಆಟದ ತುದಿಯಲ್ಲಿಯೇ ಇದ್ದ, ಇಳಿಜಾರಿನಲ್ಲಿ ಇರಲಿಲ್ಲ. ಕ್ರಿಕೆಟ್ಟಿನಲ್ಲಿ 2025ರ ನವೆಂಬರಿನಲ್ಲಿ ರವೀಂದ್ರ ಜಡೇಜಾ ತಾನು 2008ರಲ್ಲಿ ಆಡಲು ಶುರುಮಾಡಿದ ರಾಜಸ್ಥಾನ ತಂಡಕ್ಕೆ ಅದಲು ಬದಲಿನಲ್ಲಿ ಮರಳಿದ. ಚೆನ್ನೈ ಸಂಜು ಸ್ಯಾಮ್ಸನ್‌ನನ್ನು ಪಡೆದು ಜಡೇಜಾ ಜೊತೆಗೆ ಸ್ಯಾಮ್ ಕರನ್‌ನನ್ನೂ ಕೊಟ್ಟಿತು, ಜಡೇಜಾನ ಸಂಭಾವನೆ 18 ಕೋಟಿಯಿಂದ 14 ಕೋಟಿಗೆ ಇಳಿಯಿತು. ಕೋಟಿಗಳ ವ್ಯವಹಾರ, ನಮಗೇಕೆ. ನಮ್ಮ ಊರಿನ ವ್ಯವಹಾರದಲ್ಲಿ ಹಣವೇ ಇಲ್ಲ, ಇರುವುದು ಇಬ್ಬರು ಮನುಷ್ಯರು. ಅದಕ್ಕೇ ಅದು ಹೆಚ್ಚು ಕಠಿಣ.

ನಮ್ಮ ರೇಡರನಿಗೆ ಈಗ ಮೂವತ್ತೊಂದು. ಏಳನೆಯವರೆಗೆ ನಮ್ಮಲ್ಲಿ ಓದಿದವನು. ಓದಿನಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ, ಆದರೆ ಉಸಿರು! ಒಂದು ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತ ಅಂಗಳವನ್ನು ಅಡ್ಡಲಾಗಿ ಮೂರು ಸಲ ಸುತ್ತುತ್ತಿದ್ದ. ಮರಾಠಿ ಬರುತ್ತಿರಲಿಲ್ಲ. ಹೊರಗಿನ ಸ್ಪರ್ಧೆಗೆ ಹೋದಾಗ ಪಂಚರು ಕೇಳಿದ್ದಕ್ಕೆ ಉತ್ತರ ಕೊಡಲಾರದೆ ನಮ್ಮ ಮುಖ ನೋಡುತ್ತಿದ್ದ. ಗೆರೆ ದಾಟಿದ ಮೇಲೆ ಯಾವ ಭಾಷೆಯ ಅಗತ್ಯವೂ ಬೀಳುತ್ತಿರಲಿಲ್ಲ. ಕನ್ನಡ ಶಾಲೆಯ ಮಕ್ಕಳಿಗೆ ಈ ಆಟ ಯಾಕೆ ಇಷ್ಟು ಪ್ರೀತಿ ಎಂದು ಕೇಳುವವರು ಇದನ್ನು ಗಮನಿಸಬೇಕು. ಅಂಗಳದೊಳಗೆ ಮೂವತ್ತು ಸೆಕೆಂಡಿನವರೆಗೆ ಒಂದೇ ಶಬ್ದ ಸಾಕು, ಅದು ಎರಡೂ ಕಡೆಯವರಿಗೂ ಒಂದೇ.

ಮುಂದೆ ಮೊಣಕಾಲು ಹೋಯಿತು. ಮಿರಜ ದವಾಖಾನೆಗಳ ಊರು. ಅಥಣಿ, ಚಿಕ್ಕೋಡಿ ಕಡೆಯಿಂದಲೂ ಜನ ಅಲ್ಲಿಗೇ ಬರುತ್ತಾರೆ. ಇವನೂ ಅಲ್ಲಿಯೇ ತೋರಿಸಿಕೊಂಡು, ಒಂದು ವರ್ಷ ಕೂತು, ತಿರುಗಿ ಎದ್ದ. ಈಗ ಬೋನಸ್ ಗೆರೆ ಮುಟ್ಟಿ ಬರುತ್ತಾನೆ, ಮುಂಚಿನ ಹಾಗೆ ಆಳಕ್ಕೆ ಇಳಿಯುವುದಿಲ್ಲ. ಮೊದಲಿನ ವೇಗ ಇಲ್ಲ, ಬದಲಿಗೆ ಕಣ್ಣು ಬಂದಿದೆ. ಎದುರಿನ ಮೂಲೆಯವನ ಭಾರ ಯಾವ ಕಾಲಿನ ಮೇಲಿದೆ ಎಂದು ಗೆರೆ ದಾಟುವ ಮೊದಲೇ ಹೇಳುತ್ತಾನೆ. ಮಿರಜದಲ್ಲಿ ಸಿತಾರ ತಂಬೂರಿ ಮಾಡುವ ಗಲ್ಲಿಯಲ್ಲಿ ಹಳೆಯ ವಾದ್ಯಕ್ಕೆ ಜವಾರಿ ತಿದ್ದಿ ಮತ್ತೆ ನಾದ ಬರಿಸುತ್ತಾರೆ. ಹಳತಾದಷ್ಟೂ ಸೋರೆ ಬುರುಡೆ ಒಳ್ಳೆಯ ನಾದ ಕೊಡುತ್ತದೆ ಎಂದೂ ಹೇಳುತ್ತಾರೆ. ಮೊಣಕಾಲಿಗೆ ಆ ಭಾಗ್ಯವಿಲ್ಲ.

ಇನ್ನು ಎಡ ಮೂಲೆಯ ಹುಡುಗ. ಅವನ ಹಿಡಿತ ಕಣಗಲೆ ಬೇರಿನಂತೆ, ಸಿಕ್ಕಿದ ಪಾದ ಬಿಡುವುದಿಲ್ಲ. ಪೊಲೀಸ್ ಭರತಿಗೆ ತಯಾರಿ ನಡೆಸಿದ್ದಾನೆ. ಮಹಾರಾಷ್ಟ್ರದ ಸರಕಾರಿ ನೌಕರಿಗಳಲ್ಲಿ ಆಟಗಾರರಿಗೆ ಶೇಕಡಾ 5 ಮೀಸಲು ಇದೆ. ಆದರೆ ಅದಕ್ಕೆ ಬೇಕಾದ ಪ್ರಮಾಣಪತ್ರ ಜಾತ್ರೆಯ ಸ್ಪರ್ಧೆಯಿಂದ ಸಿಗುವುದಿಲ್ಲ, ಮಾನ್ಯತೆ ಪಡೆದ ದೊಡ್ಡ ಸ್ಪರ್ಧೆಗಳಲ್ಲಿ ಆಡಿ ಗೆಲ್ಲಬೇಕು. ಅಲ್ಲಿಗೆ ತಲುಪಲು ಆಯ್ಕೆ ನಡೆಯುವ ಕಡೆ ಕಾಣಿಸಿಕೊಳ್ಳಬೇಕು, ಮ್ಯಾಟ್ ಮೇಲೆ ಆಡಿ ರೂಢಿ ಇರಬೇಕು. ನಮ್ಮ ಊರಿನಲ್ಲಿ ಮ್ಯಾಟ್ ಇಲ್ಲ. ಮಣ್ಣಿನಲ್ಲಿ ಪಾದ ಜಾರಿಸಿ ಹಿಡಿಯುವವನು ಮ್ಯಾಟ್ ಮೇಲೆ ಬೂಟು ಹಾಕಿ ನಿಂತರೆ ಮೊದಲ ವಾರ ಕಾಲೇ ಏಳುವುದಿಲ್ಲ. ಮಿರಜದ ಆ ಮಂಡಳದವರ ಹತ್ತಿರ ಮ್ಯಾಟ್ ಇದೆ.

ಇಲ್ಲಿಯೇ ನಮ್ಮ ಮಂಡಳದವರ ವಾದ ಅಡಿಮೇಲಾಯಿತು. ಹಳಬನನ್ನು ತರಬೇಡಿ ಎನ್ನುವವರು ಹುಡುಗನ ಹೆಸರು ಹೇಳುತ್ತಿದ್ದರು, "ಬೆಳೆಯೋ ಪೋರನ್ನ ಒತ್ತೆ ಇಡಬ್ಯಾಡ್ರಿ" ಎಂದು. ಆದರೆ ಹುಡುಗನನ್ನೇ ಕೇಳಿದಾಗ ಅವನು ನೆಲ ನೋಡುತ್ತ, "ನನಗ ಹೋಗಬೇಕಂತ ಐತ್ರಿ ಸರ" ಎಂದ. ಅಲ್ಲಿಯವರೆಗೆ ಅವನನ್ನು ಯಾರೂ ಕೇಳಿರಲಿಲ್ಲ. ಅವನ ತಾಯಿಗೆ ಒಂದೇ ಚಿಂತೆ, ಮರಾಠಿ ಹುಡುಗರ ನಡುವೆ ಇವನು ಮೂಕನಾದಾನು ಎಂದು. ನಾವು ಆಕೆಗೆ ಹೇಳಿದೆವು, ಭರತಿಯ ಲೇಖಿ ಪರೀಕ್ಷೆ ಹೇಗೂ ಮರಾಠಿಯಲ್ಲಿಯೇ ಇದೆ, ಮಿರಜದಲ್ಲಿ ಒಂದು ವರ್ಷ ಅದನ್ನು ಕೇಳಿ ಮಾತಾಡಿ ಬಂದರೆ ಅವನಿಗೇ ಲಾಭ, ಕನ್ನಡ ಎಲ್ಲಿಗೂ ಓಡಿಹೋಗುವುದಿಲ್ಲ. ಕನ್ನಡ ಶಾಲೆಯ ಮಾಸ್ತರರಾಗಿ ಈ ಮಾತು ಹೇಳಿದಿರಾ ಎಂದು ನಮ್ಮ ಒಬ್ಬ ಸಹೋದ್ಯೋಗಿ ಮುಖ ಸಿಂಡರಿಸಿದರು. ಹೇಳಿದೆವು, ಇನ್ನೊಮ್ಮೆಯೂ ಹೇಳುತ್ತೇವೆ.

ಆದ್ದರಿಂದ ನಮ್ಮ ಅಭಿಪ್ರಾಯ ಹೀಗಾಯಿತು. ಹುಡುಗ ಮಿರಜಕ್ಕೆ ಹೋಗಲಿ, ಆದರೆ ಅವನ ಕಾರಣಕ್ಕೆ ಹೋಗಲಿ. ಹಳಬನ ಬೆಲೆಯಾಗಿ ಹೋಗಬಾರದು. ಜಾತ್ರೆಯ ಮೂರು ದಿನ ಮಾತ್ರ ಅವನು ನಮ್ಮ ಮೂಲೆಯಲ್ಲಿಯೇ ನಿಲ್ಲಬೇಕು. ಇದನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಹಳಬ ಬರಲಿ, ಆದರೆ ತಂಡದ ನಡುಗಂಬವಾಗಿ ಬರುವುದು ಬೇಡ. ನಮಗೆ ಎರಡು ದಾಳಿ ಖಾಲಿ ಹೋದ ಮೇಲೆ ಬರುವ ಮೂರನೆಯ ದಾಳಿಗೆ ಆಳಿಲ್ಲ. ಮೂರನೆಯದು ಖಾಲಿ ಬಂದರೆ ರೇಡರ್ ಔಟು. ಅಂಥ ಹೊತ್ತಿನಲ್ಲಿ ನಮ್ಮ ಎಳೆಯ ರೇಡರುಗಳು ಗಡಿಬಿಡಿಯಾಗಿ ತಾವೇ ಹೋಗಿ ಸಿಕ್ಕಿಕೊಳ್ಳುತ್ತಾರೆ. ಹಳೆಯ ಕಣ್ಣಿಗೆ ತಕ್ಕ ಕೆಲಸ ಅದೊಂದೇ. ಪಂದ್ಯಕ್ಕೆ ನಾಲ್ಕೈದು ಸಲ ಒಳಗೆ ಹೋಗಬೇಕು, ಉಳಿದ ಹೊತ್ತು ಹೊರಗೆ ಕೂತು ನೋಡಬೇಕು. ಅವನು ಒಪ್ಪಿದರೆ ಕರೆತರಬೇಕು, ಒಪ್ಪದಿದ್ದರೆ ಪ್ರೀತಿಯಿಂದ ಬಿಡಬೇಕು.

ಒಪ್ಪುತ್ತಾನೋ ಇಲ್ಲವೋ ಎನ್ನುವುದೇ ನಿಜವಾದ ತೊಡಕು. ಪ್ರದೀಪನ ಬಗ್ಗೆ ಓದುವಾಗೆಲ್ಲ ನಮಗೆ ಅನಿಸುತ್ತಿತ್ತು, ಅವನಿಗೆ ಯಾರಾದರೂ ಮೂರನೆಯವನ ಕೆಲಸ ಕೊಟ್ಟಿದ್ದರೆ ಇನ್ನೂ ಮೂರು ವರ್ಷ ಆಡುತ್ತಿದ್ದನೇನೋ. ಮತ್ತೆ, ಕೊಟ್ಟಿದ್ದರೆ ತೆಗೆದುಕೊಳ್ಳುತ್ತಿದ್ದನೇ? ಸಾವಿರದೆಂಟುನೂರು ಅಂಕ ಮಾಡಿದವನಿಗೆ, ನೀನು ನಾಲ್ಕು ಸಲ ಹೋಗಿ ಬಾ ಸಾಕು ಎಂದು ಹೇಳುವ ಧೈರ್ಯ ಯಾರಿಗಿದೆ? ಸಣ್ಣ ಕೆಲಸ ಹೇಳಲಾರದೆಯೇ ದೊಡ್ಡ ಪಟ್ಟ ಕಟ್ಟುತ್ತಾರೆ, ಆಮೇಲೆ ಪಟ್ಟ ಹೊರಲಿಲ್ಲ ಎಂದು ಬಯ್ಯುತ್ತಾರೆ.

ಕಳೆದ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾವು ಸಾಂಗಲಿಗೆ ಹೋದೆವು. ಅರಿಷಿಣ ಪೇಟೆಯಲ್ಲಿ ಅವನನ್ನು ಹುಡುಕುವುದು ಕಷ್ಟವಾಗಲಿಲ್ಲ, ಅಲ್ಲಿಯ ಹಮಾಲರಿಗೂ ಅವನು ಕಬಡ್ಡಿಯವನೇ. ಮೈಯೆಲ್ಲ ಹಳದಿ, ಹುಬ್ಬಿನ ಮೇಲೂ ಹಳದಿ, ಮದುಮಗನ ಹಾಗೆ ಕಾಣುತ್ತಿದ್ದ. 2018ರಲ್ಲಿ ಸಾಂಗಲಿ ಅರಿಷಿಣಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಪಠ್ಯದಲ್ಲಿಲ್ಲದಿದ್ದರೂ ಮಕ್ಕಳಿಗೆ ಆ ಪಾಠ ಮಾಡಿದ್ದು ನೆನಪಾಯಿತು. ಗುರುತು ಅರಿಷಿಣಕ್ಕೆ ಸಿಕ್ಕಿತ್ತು, ಹೊರುವವನಿಗೆ ಸಿಕ್ಕಿರಲಿಲ್ಲ. ಚಹಾ ಕುಡಿಯುತ್ತ ಎಲ್ಲವನ್ನೂ ಬಿಡಿಸಿ ಹೇಳಿದೆವು. ಏಳು ಜನರಲ್ಲಿ ಹೆಸರಿಲ್ಲ, ಹೊರಗೆ ಕೂಡುವ ಐವರಲ್ಲಿ ಮೊದಲನೆಯವನು ಎಂದು ಹೇಳುವಾಗ ನಮಗೂ ಗಂಟಲು ಬಿಗಿಯಿತು. ಅವನು ಬಹಳ ಹೊತ್ತು ಏನೂ ಅನ್ನಲಿಲ್ಲ.

"ಮೊದಲಿನ ಏಳರಾಗ ಯಾರ್ಯಾರು ಅದಾರ್ರಿ?" ಎಂದು ಕೇಳಿದ. ಹೆಸರು ಹೇಳಿದೆವು. ಪ್ರತಿ ಹೆಸರಿಗೂ ಅವನ ಅಪ್ಪನ ಹೆಸರು ಕೇಳಿ ಖಾತ್ರಿ ಮಾಡಿಕೊಂಡ. ಎಲ್ಲರೂ ಅವನು ಆಡುವಾಗ ಹಗ್ಗದ ಆಚೆ ಕೂತು ನೋಡುತ್ತಿದ್ದ ಚಿಕ್ಕ ಮಕ್ಕಳು. ಎಡ ಮೂಲೆಯವನ ಹೆಸರು ಬಂದಾಗ, "ಅವನ ಕಾಲು ಮುಂದ ಬರ್ತಾವ್ರಿ, ಹಿಂದ ಇಡಾಕ ಹೇಳ್ರಿ" ಎಂದ. ನೀನೇ ಬಂದು ಹೇಳಪ್ಪ ಎಂದೆವು. ಆ ವಾರ ಪೇಟೆಯಲ್ಲಿ ಲಿಲಾವಿನ ಗದ್ದಲ, ರಜೆ ಸಿಗುವುದಿಲ್ಲ, ಮುಂದಿನ ರವಿವಾರ ನೋಡುತ್ತೇನೆ ಎಂದು ಹೇಳಿ ಚೀಲದ ಕಡೆ ನಡೆದ. ಮಂಡಳದ ಎರಡೂ ಗುಂಪಿನವರಿಗೂ ನಮ್ಮ ಮೇಲೆ ಸಿಟ್ಟು ಇದ್ದೇ ಇದೆ. ಒಂದು ಗುಂಪಿಗೆ ಅವನನ್ನು ಕರೆದೆವು ಎಂದು, ಇನ್ನೊಂದಕ್ಕೆ ಹೊರಗೆ ಕೂಡಿಸಿದೆವು ಎಂದು.

ರವಿವಾರ ಬೆಳಿಗ್ಗೆ ಆರಕ್ಕೆ ಅಂಗಳಕ್ಕೆ ನೀರು ಹೊಡೆಯುವ ಪಾಳಿ ಎಡ ಮೂಲೆಯ ಹುಡುಗನದು. ಮಿರಜದಿಂದ ಬರುವ ಮೊದಲ ಬಸ್ಸು ನಮ್ಮ ಫಾಟಾಕ್ಕೆ ಆರೂಮುಕ್ಕಾಲಿಗೆ ನಿಲ್ಲುತ್ತದೆ. ಉಳಿದದ್ದನ್ನು ಜಾತ್ರೆ ಆದಮೇಲೆ ಬರೆಯುತ್ತೇವೆ.